ಹೆಸರಿಲ್ಲದ ದಾನಿ: ಮಿದುಳು ವಿಜ್ಞಾನ ಮತ್ತು ದಾನಗೌರವದ ಜನಪದ ನೆಲೆಗಳು

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳ ಹೆಸರುಗಳನ್ನು ಸಾಲಾಗಿ ಓದಿದರೆ ಅದೇ ಒಂದು ಗೌರವಪಟ್ಟಿಯಂತೆ ತೋರುತ್ತದೆ. ಮೊದಲ ಭಾರತೀಯ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ರಾಜಾಜಿನಗರಕ್ಕೆ ಸಂದಿದೆ. ಬಸವಣ್ಣನವರ ಹೆಸರು ಬಸವೇಶ್ವರನಗರಕ್ಕೆ, ಅಳಿದ ಸಾಮ್ರಾಜ್ಯವೊಂದರ ಹೆಸರು ವಿಜಯನಗರಕ್ಕೆ ಸಂದಿದೆ. ರಾಜಾಜಿನಗರದ ನಡುವೆ ಹಾದುಹೋಗುವ ಹೆದ್ದಾರಿಯಂತಹ ಬೀದಿ ಡಾ. ರಾಜಕುಮಾರ್ ರಸ್ತೆಯೆನಿಸಿದೆ. ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯ ಕಡೆಗೆ ಸಾಗುವ ಹೊರವರ್ತುಲ ರಸ್ತೆಯ ಭಾಗಕ್ಕೆ 2023ರಲ್ಲಿ ಅವರ ಮಗ ಪುನೀತ್ ರಾಜಕುಮಾರ್ ಅವರ ಹೆಸರನ್ನಿಡಲಾಯಿತು. ಕೆಂಗೇರಿಯಂತಹ ಹಳೆಯ ಊರು ಮಾತ್ರ ಯಾರ ಹೆಸರನ್ನೂ ಹೊರದೆ ತನ್ನ ಹೆಸರಿನಲ್ಲೇ ಉಳಿದುಕೊಂಡಿದೆ. ಗೌರವವೆಂದರೆ ಹೆಸರನ್ನು ಜನರ ಕಣ್ಣಿಗೂ ನಾಲಗೆಗೂ ಸಿಗುವ ಕಡೆ ನಿಲ್ಲಿಸುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಈ ಬಡಾವಣೆಗಳೇ ಸಾಕ್ಷಿ.

ಈ ತಿಳಿವಳಿಕೆ ತೊಡಕಿಗೆ ಸಿಲುಕುವ ಕ್ಷೇತ್ರವೊಂದಿದೆ. ಅದು ಮಿದುಳು ವಿಜ್ಞಾನ. ಕಳೆದ ಕೆಲವು ದಶಕಗಳಲ್ಲಿ ಬೆಂಗಳೂರು ಈ ವಿಜ್ಞಾನದ ಪ್ರಮುಖ ಕೇಂದ್ರವಾಗಿ ಬೆಳೆದಿದೆ. ಅದಕ್ಕೆ ಹಣ ಕೊಟ್ಟವರಿದ್ದಾರೆ, ಆಯುಷ್ಯವನ್ನೇ ಸವೆಸಿದ ಸಂಶೋಧಕರಿದ್ದಾರೆ. ಇವರಿಬ್ಬರಿಗೂ ಫಲಕ, ಪದಕ, ಪೀಠ, ಪ್ರಶಸ್ತಿಗಳ ರೂಪದಲ್ಲಿ ಗೌರವ ಸಲ್ಲುತ್ತಿದೆ. ಆದರೆ ಈ ವಿಜ್ಞಾನಕ್ಕೆ ಮೂರನೆಯ ದಾನಿಯೊಬ್ಬನಿದ್ದಾನೆ. ತನ್ನ ರಕ್ತವನ್ನು, ನೆನಪನ್ನು, ಮನೆತನದ ಕಾಯಿಲೆಯ ಕಥೆಯನ್ನು, ಕಡೆಗೆ ತನ್ನ ಮಿದುಳನ್ನೇ ಕೊಡುವ ಸಾಮಾನ್ಯ ಮನುಷ್ಯ ಆತ. ಆತನ ಹೆಸರನ್ನು ಎಲ್ಲಿಯೂ ಬರೆಯುವಂತಿಲ್ಲ. ಹೆಸರು ಬರೆಯದಿರುವುದೇ ಆತನಿಗೆ ಕೊಟ್ಟ ಮಾತು. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೊರೆದು ಸೂರ್ಯಚಂದ್ರರಿರುವ ತನಕ ಉಳಿಸಬೇಕೆಂದು ಬಯಸಿದ ಸಂಸ್ಕೃತಿಯೊಂದು ಇಂತಹ ದಾನಿಯನ್ನು ಹೇಗೆ ಗೌರವಿಸಬಲ್ಲುದು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಮಿದುಳಿನಿಂದ ಆರಂಭಿಸುವುದಕ್ಕಿಂತ ಕಣ್ಣಿನಿಂದ ಆರಂಭಿಸುವುದು ಸೂಕ್ತ. ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿರುವ ಡಾ. ರಾಜಕುಮಾರ್ ನೇತ್ರ ಭಂಡಾರ 1994ರಲ್ಲಿ ಆರಂಭವಾಯಿತು. ಅದನ್ನು ಉದ್ಘಾಟಿಸಿದ ರಾಜಕುಮಾರ್ ಅವರು ತಮ್ಮ ಕುಟುಂಬದವರ ಕಣ್ಣುಗಳನ್ನು ದಾನ ಮಾಡುವುದಾಗಿ ಅಂದೇ ಘೋಷಿಸಿದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. ಅವರು ನಾಯಕನಾಗಿ ಬೆಳ್ಳಿತೆರೆಗೆ ಬಂದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’ ಎಂಬುದನ್ನು ಇಲ್ಲಿ ನೆನೆಯಬೇಕು. ಲಿಂಗದ ಕಣ್ಣಿನಲ್ಲಿ ನೆತ್ತರು ಸುರಿಯುವುದನ್ನು ಕಂಡ ಬೇಡನೊಬ್ಬ ತನ್ನ ಕಣ್ಣನ್ನು ಕಿತ್ತು ಅಲ್ಲಿಗಿಡುತ್ತಾನೆ. ಎರಡನೆಯ ಕಣ್ಣೂ ಸೋರತೊಡಗಿದಾಗ, ಕುರುಡನಾದ ಮೇಲೆ ಜಾಗ ತಪ್ಪಬಾರದೆಂದು ಕಾಲ ಹೆಬ್ಬೆರಳನ್ನು ಲಿಂಗದ ಮೇಲೂರಿ ಗುರುತು ಮಾಡಿಕೊಳ್ಳುತ್ತಾನೆ. ಹರಿಹರನ ರಗಳೆಯಿಂದ ಹಿಡಿದು ಗುಬ್ಬಿ ಕಂಪನಿಯ ರಂಗಭೂಮಿಯವರೆಗೆ, ಅಲ್ಲಿಂದ ಸಿನಿಮಾದವರೆಗೆ ಹರಿದುಬಂದ ಕಥೆಯಿದು. ಕಣ್ಣಪ್ಪನ ಪಾತ್ರ ವಹಿಸಿದ ನಟನೇ ಐವತ್ತೆರಡು ವರ್ಷಗಳ ಅನಂತರ ನಿಜವಾಗಿಯೂ ಕಣ್ಣು ಕೊಟ್ಟದ್ದು ಜನಮನಸ್ಸಿನಲ್ಲಿ ಒಂದು ಐತಿಹ್ಯದಂತೆ ನೆಲೆಗೊಂಡಿತು. 2021ರ ಅಕ್ಟೋಬರ್ 29ರಂದು ಪುನೀತ್ ನಿಧನರಾದಾಗ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಅದರ ಬೆನ್ನಿಗೇ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರ ಸಂಖ್ಯೆ ರಾಜ್ಯದಾದ್ಯಂತ ಏರಿತು. ಸರ್ಕಾರದ ಪ್ರಚಾರಫಲಕಗಳು ವರ್ಷಗಟ್ಟಲೆ ಮಾಡಲಾಗದ ಕೆಲಸವನ್ನು ಒಂದು ಕಥೆ ಕೆಲವೇ ವಾರಗಳಲ್ಲಿ ಮಾಡಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ನೇತ್ರದಾನ ಜನಪದ ಕಲ್ಪನೆಗೆ ಇಷ್ಟು ಸುಲಭವಾಗಿ ಒಗ್ಗಿದ್ದು ಏಕೆ? ಕೊಡುವವನಿದ್ದಾನೆ, ಪಡೆಯುವವನಿದ್ದಾನೆ, ಕೊಟ್ಟ ವಸ್ತು ಪಡೆದವನ ಮುಖದಲ್ಲಿ ಬದುಕುತ್ತದೆ. ‘ಅಪ್ಪು ಕಣ್ಣು ಇನ್ನೂ ನೋಡುತ್ತಿದೆ’ ಎಂಬ ಮಾತಿಗೆ ಅರ್ಥವಿದೆ. ಮಿದುಳಿನ ದಾನಕ್ಕೆ ಈ ಭಾಗ್ಯವಿಲ್ಲ. ಒಬ್ಬರ ಮಿದುಳನ್ನು ಮತ್ತೊಬ್ಬರ ತಲೆಯಲ್ಲಿ ನೆಡಲಾಗದು. ಮಿದುಳು ಸತ್ತ ವ್ಯಕ್ತಿಯ ಹೃದಯ, ಯಕೃತ್ತು, ಮೂತ್ರಪಿಂಡಗಳು ಬೇರೆಯವರಿಗೆ ಸಲ್ಲಬಹುದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಗಳು ಹಾಗೆಯೇ ಸಂದವು. ಆದರೆ ಮಿದುಳು ಮಾತ್ರ ಯಾವ ಮನುಷ್ಯನಿಗೂ ಹೋಗುವುದಿಲ್ಲ, ಅರಿವಿಗೆ ಹೋಗುತ್ತದೆ. ಅದರಿಂದ ಯಾರಿಗೆ ಯಾವಾಗ ಒಳಿತಾಯಿತೆಂದು ಬೆರಳು ತೋರಿಸಿ ಹೇಳಲಾಗದು. ಪಡೆಯುವವನ ಮುಖ ಕಾಣದ ದಾನವಿದು.

ಇಂತಹ ದಾನ ನಮ್ಮ ಪರಂಪರೆಗೆ ತೀರ ಹೊಸದೇನೂ ಅಲ್ಲ. ಜೈನಧರ್ಮ ಹೇಳುವ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯಗಳ ಜೊತೆಗೆ ಭೈಷಜ್ಯ ಮತ್ತು ಶಾಸ್ತ್ರಗಳೂ ಸೇರಿವೆ. ಔಷಧವನ್ನೂ ಅರಿವನ್ನೂ ಅನ್ನದ ಸಾಲಿನಲ್ಲಿಟ್ಟ ಈ ವಿಂಗಡಣೆ ಗಮನಾರ್ಹ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಪ್ರತಿಗಳನ್ನು ಮುಂದೆ ಯಾರು ಓದಿದರೆಂದು ಅವಳು ಕಾಣಲಿಲ್ಲ. ರನ್ನನ ಅಜಿತಪುರಾಣ ಮತ್ತು 1007ರ ಲಕ್ಕುಂಡಿ ಶಾಸನ ಅವಳ ಹೆಸರನ್ನು ಉಳಿಸಿದವು. ಪ್ರತಿ ಮಾಡಿದ ಲಿಪಿಕಾರರ ಹೆಸರು ಉಳಿಯಲಿಲ್ಲ. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅದನ್ನು ಸಕಲ ಶಾಸ್ತ್ರಗಳ ವ್ಯಾಖ್ಯಾನದ ನೆಲೆಯೆಂದೂ, ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುವ ಎಡೆಯೆಂದೂ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಳವೆಂದೂ, ಎಲ್ಲ ಜೀವಿಗಳಿಗೆ ಅಭಯಸ್ಥಾನವೆಂದೂ ಬಣ್ಣಿಸುತ್ತದೆ. ಬೋಧನೆ, ಚಿಕಿತ್ಸೆ, ಸಂಶೋಧನೆಗಳನ್ನು ಒಂದೇ ಆವರಣದಲ್ಲಿ ನಡೆಸುವ ಇಂದಿನ ಸಂಸ್ಥೆಗಳ ಉದ್ದೇಶಪತ್ರವನ್ನು ಇದಕ್ಕಿಂತ ಚೆನ್ನಾಗಿ ಬರೆಯುವುದು ಕಷ್ಟ.

ದಾನಶಾಸನಗಳ ರಚನೆಯನ್ನು ಕುರಿತು ಒಂದು ಮಾತು ಹೇಳಬೇಕು. ಅವುಗಳಲ್ಲಿ ದಾನಿಯ ಹೆಸರಿರುತ್ತದೆ, ಪಡೆದವರ ಹೆಸರಿರುತ್ತದೆ, ಸಾಕ್ಷಿಗಳ ಹೆಸರಿರುತ್ತದೆ, ಎಷ್ಟೋ ವೇಳೆ ಬರೆದ ಕವಿಯ ಮತ್ತು ಕಲ್ಲು ಕೊರೆದ ರೂವಾರಿಯ ಹೆಸರೂ ಕೊನೆಯಲ್ಲಿ ಬರುತ್ತದೆ. ಭೂಮಿಯ ಎಲ್ಲೆ ಯಾವ ಹುಣಸೆಮರದಿಂದ ಯಾವ ಹಳ್ಳದವರೆಗೆ ಎಂಬ ವಿವರವಿರುತ್ತದೆ. ಆಮೇಲೆ ಶಾಪಾಶಯ: ದಾನವನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಇದರೊಡನೆ ಬರುವ ಮತ್ತೊಂದು ಆಶಯ ಹೆಚ್ಚು ಮುಖ್ಯವಾದುದು. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹಿರಿದು ಎಂದು ಶಾಸನಗಳು ಮತ್ತೆ ಮತ್ತೆ ಸಾರುತ್ತವೆ. ದಾನಿ ಒಂದು ದಿನ ಕೊಡುತ್ತಾನೆ. ಕಾಯುವವನು ದಿನದಿನವೂ ಕೊಡುತ್ತಿರಬೇಕಾಗುತ್ತದೆ. ಈ ವಿವೇಕ ಇಂದಿನ ದತ್ತಿಪತ್ರಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಬೆಂಗಳೂರಿನ ಮಿದುಳು ವಿಜ್ಞಾನದ ಮೂಲ 19ನೆಯ ಶತಮಾನದ ನಡುವಿನಲ್ಲಿ ಇಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಲಕ್ಕಸಂದ್ರದ ದಿಣ್ಣೆಯ ಮೇಲೆ ಹೊಸ ಕಟ್ಟಡಗಳೆದ್ದವು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಇವೆರಡೂ ಸೇರಿ ನಿಮ್ಹಾನ್ಸ್ ರೂಪುಗೊಂಡಿತು. 2012ರಲ್ಲಿ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿತು. ಡಾ. ಎಂ. ವಿ. ಗೋವಿಂದಸ್ವಾಮಿ, ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮಾ ಮೊದಲಾದವರು ಈ ಸಂಸ್ಥೆಗಳನ್ನು ಕಟ್ಟಿದವರು. ಜನರ ಬಾಯಲ್ಲಿ ಮಾತ್ರ ಇವರ ಶ್ರಮದ ಫಲ ಬೇರೆಯೇ ರೂಪ ಪಡೆಯಿತು. ಹಳೆಯ ಮೈಸೂರು ಸೀಮೆಯಲ್ಲಿ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದೂ, ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬುದೂ ಬೈಗುಳಗಳಾದವು. ಆಸ್ಪತ್ರೆಯ ಹೆಸರು ಬೈಗುಳವಾದ ಸಮಾಜದಲ್ಲಿ ಅದಕ್ಕೆ ನೆರವಾದವನು ತನ್ನ ಹೆಸರನ್ನು ಹೇಳಿಕೊಳ್ಳಲು ಹಿಂಜರಿಯುವುದು ಸಹಜ. ಈ ಅಂಶಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಹೆಸರಿನ ವಿಚಾರದಲ್ಲಿ ಜನರ ನಾಲಗೆ ಇದಕ್ಕೆ ವಿರುದ್ಧವಾಗಿಯೂ ಕೆಲಸ ಮಾಡಬಲ್ಲುದು. ರಾಜಾಜಿನಗರದಿಂದ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಜೆ. ಎನ್. ಟಾಟಾ ಅವರು ಅದಕ್ಕೆ ಸಂಪತ್ತನ್ನು ಮುಡಿಪಿಟ್ಟು, ಸಂಸ್ಥೆ ಮೇಲೇಳುವ ಮೊದಲೇ 1904ರಲ್ಲಿ ತೀರಿಕೊಂಡರು. ಮೈಸೂರು ಅರಸರು 371 ಎಕರೆ ಭೂಮಿ ನೀಡಿದರು. ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ದಾನಿಗಳ ಹೆಸರಿಲ್ಲ. ಆದರೂ ಬಸ್ಸಿನಲ್ಲಿ ಕುಳಿತ ಬೆಂಗಳೂರಿಗ ಇಂದಿಗೂ ಕೇಳುವುದು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂಬ ನಿಲ್ದಾಣವನ್ನೇ. ಕಲ್ಲಿನಲ್ಲಿ ಕೊರೆಯದ ಹೆಸರನ್ನು ಜನ ಶತಮಾನಕ್ಕೂ ಮೀರಿ ಬಾಯಲ್ಲಿ ಉಳಿಸಿಕೊಂಡಿದ್ದಾರೆ. ಭೂಮಿ ಕೊಟ್ಟ ಅರಸೊತ್ತಿಗೆಗೆ ಆ ಭಾಗ್ಯ ಒದಗಲಿಲ್ಲವೆಂಬುದು ಬೇರೆ ಮಾತು.

ಇದೇ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಇನ್ಫೋಸಿಸ್‌ನ ಸಹಸಂಸ್ಥಾಪಕ ಸೇನಾಪತಿ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಗಳು ತಮ್ಮ ಪ್ರತೀಕ್ಷಾ ಟ್ರಸ್ಟ್ ಮೂಲಕ 2014ರಲ್ಲಿ ಇದಕ್ಕೆ ಹತ್ತು ವರ್ಷಗಳ ಅವಧಿಗೆ 225 ಕೋಟಿ ರೂಪಾಯಿಗಳನ್ನು ಘೋಷಿಸಿದರು. ಕೇಂದ್ರದ ಕಟ್ಟಡ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಕೇಂದ್ರದ ಸ್ಥಾಪಕ ನಿರ್ದೇಶಕಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಅದಕ್ಕೂ ಮೊದಲು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದವರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನೂ 2010ರಲ್ಲಿ ಪದ್ಮಶ್ರೀಯನ್ನೂ ಪಡೆದವರು. ರೋಹಿಣಿ ನಿಲೇಕಣಿ ಅವರು 2023ರಲ್ಲಿ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳ ಜಂಟಿ ಯೋಜನೆಗೆ, ಮುಖ್ಯವಾಗಿ ತೀವ್ರ ಮಾನಸಿಕ ಕಾಯಿಲೆಗಳ ಅಧ್ಯಯನಕ್ಕೆ, 100 ಕೋಟಿ ರೂಪಾಯಿ ನೀಡಿದರು. ಬೆಂಗಳೂರಿನಿಂದ ನೀಡಲಾಗುವ ಇನ್ಫೋಸಿಸ್ ಪ್ರಶಸ್ತಿಯ ಜೀವವಿಜ್ಞಾನ ವಿಭಾಗದಲ್ಲಿ ಶುಭಾ ತೋಳೆ (2014), ಉಪಿಂದರ್ ಭಲ್ಲಾ (2017), ವಿದಿತಾ ವೈದ್ಯ (2022) ಅವರು ಮಿದುಳಿನ ಅಧ್ಯಯನಕ್ಕಾಗಿಯೇ ಗೌರವ ಪಡೆದಿದ್ದಾರೆ. ಹೊರದೇಶಗಳಲ್ಲಿಯೂ ಇದೇ ಕ್ರಮ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಫ್ರೆಡ್ ಕಾವ್ಲಿ ಅವರ ಹೆಸರಿನ ಪ್ರಶಸ್ತಿ 2008ರಿಂದ ನರವಿಜ್ಞಾನಿಗಳಿಗೆ ಸಲ್ಲುತ್ತಿದೆ. ಪ್ರಶಸ್ತಿಯೆಂಬುದು ಒಂದೇ ಫಲಕದಲ್ಲಿ ಎರಡು ಹೆಸರುಗಳನ್ನು ಗೌರವಿಸುವ ಜಾಣ ಸಾಧನ. ಪಡೆದವನ ಹೆಸರು ವರ್ಷವರ್ಷ ಬದಲಾಗುತ್ತದೆ, ಕೊಟ್ಟವನ ಹೆಸರು ನಿಲ್ಲುತ್ತದೆ. ಕನ್ನಡದ ದತ್ತಿನಿಧಿ ಬಹುಮಾನಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

ಈ ದಾನಗಳ ಹಿರಿಮೆಯನ್ನು ಕಿರಿದುಮಾಡುವ ಉದ್ದೇಶ ಇಲ್ಲಿಲ್ಲ. ಮಿದುಳಿನ ಸಂಶೋಧನೆ ಬೇಗ ಫಲ ಕೊಡುವ ಬೆಳೆಯಲ್ಲ. ಹತ್ತು, ಇಪ್ಪತ್ತು ವರ್ಷ ಕಾಯಬಲ್ಲ ಹಣ ಅದಕ್ಕೆ ಬೇಕು. ಆದರೆ ಗೌರವದ ಭಾಷೆ ಬಹುಮಟ್ಟಿಗೆ ಮೊತ್ತದ ಭಾಷೆಯಾಗಿಬಿಟ್ಟಿದೆ. ಕೋಟಿಗಳಲ್ಲಿ ಎಣಿಸಲಾಗದ ಕೊಡುಗೆಗೆ ಅದರಲ್ಲಿ ಪದವಿಲ್ಲ.

ಆ ಕೊಡುಗೆ ಎಂತಹುದೆಂಬುದನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕಾಣಬಹುದು. ಮಾವಿನ ತೋಪುಗಳಿಗೆ ಹೆಸರಾದ, ಕನ್ನಡ ತೆಲುಗುಗಳೆರಡನ್ನೂ ಆಡುವ ಗಡಿಸೀಮೆಯ ತಾಲ್ಲೂಕಿದು. ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಒಂದು ದೀರ್ಘಕಾಲಿಕ ಅಧ್ಯಯನವನ್ನು ಆರಂಭಿಸಿತು. 45 ವರ್ಷ ಮೀರಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮುಪ್ಪಿನಲ್ಲಿ ಮರೆವು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂದು ಅರಿಯುವುದು ಅದರ ಗುರಿ. ನಗರದವರಿಗಾಗಿ ಟಾಟಾ ಟ್ರಸ್ಟ್‌ಗಳ ನೆರವಿನ ಸೋದರ ಅಧ್ಯಯನವೊಂದು ಬೆಂಗಳೂರಿನಲ್ಲಿಯೇ ನಡೆಯುತ್ತಿದೆ. ಇಂತಹ ವಿಚಾರಣೆಗಳು ಪಶ್ಚಿಮದ ದೇಶಗಳಲ್ಲಿ ಹಿಂದೆಯೇ ನಡೆದಿವೆ. ಆದರೆ ಅಲ್ಲಿಯ ಫಲಿತಾಂಶ ರಾಗಿ ಉಂಡು, ಶಾಲೆ ಕಾಣದೆ, ಬಿಸಿಲಿನಲ್ಲಿ ದುಡಿದ ಮನುಷ್ಯನಿಗೆ ಹೊಂದುತ್ತದೆಯೆಂದು ಹೇಳಲಾಗದು. ಓದುಬರಹ ಬಲ್ಲವರಿಗಾಗಿ ರೂಪಿಸಿದ ನೆನಪಿನ ಪರೀಕ್ಷೆಗಳನ್ನೇ ಇಲ್ಲಿಗೆ ತಕ್ಕಂತೆ ತಿದ್ದಬೇಕಾಗುತ್ತದೆ. ರಕ್ತ ಕೊಡುವುದು, ಮಿದುಳಿನ ಚಿತ್ರ ತೆಗೆಸಿಕೊಳ್ಳುವುದು, ಗಂಟೆಗಟ್ಟಲೆ ಪ್ರಶ್ನೆಗಳಿಗೆ ಉತ್ತರಿಸುವುದು, ಕೆಲವು ವರ್ಷಗಳ ಅನಂತರ ಅದನ್ನೇ ಮತ್ತೆ ಮಾಡುವುದು. ಇವು ಭಾಗವಹಿಸುವವರ ಪಾಲಿನ ಕೆಲಸ. ಪ್ರತಿಯಾಗಿ ಕಾಯಿಲೆ ಗುಣವಾಗುವ ಭರವಸೆಯಿಲ್ಲ. ಫಲ ಬಂದರೆ ಅದು ಮಕ್ಕಳ, ಮೊಮ್ಮಕ್ಕಳ ಕಾಲಕ್ಕೆ.

ಇಳಿವಯಸ್ಸಿನ ಮರೆವಿಗೆ ಕನ್ನಡ ಜನಪದರು ಇಟ್ಟ ಹೆಸರು ‘ಅರಳುಮರಳು’. ಅರವತ್ತಕ್ಕೆ ಅರಳುಮರಳು ಎಂಬ ಮಾತು ಮನೆಮನೆಯಲ್ಲಿದೆ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನಕ್ಕೂ ಇದೇ ಹೆಸರು. ಈ ಪದದಲ್ಲಿ ಹಾಸ್ಯವಿದೆ, ಅಕ್ಕರೆಯಿದೆ, ವಯಸ್ಸಾದರೆ ಹೀಗೆಯೇ ಎಂಬ ಒಪ್ಪಿಗೆಯೂ ಇದೆ. ಆ ಒಪ್ಪಿಗೆಯಿಂದಲೇ ಕಾಯಿಲೆ ಕಾಯಿಲೆಯಾಗಿ ಕಾಣದೆ ಹೋಗುತ್ತದೆ. ಮುದುಕಿಯೊಬ್ಬಳು ದಾರಿ ತಪ್ಪಿ ಅಲೆದಾಗ ಮನೆಯವರು ಅವಳನ್ನು ಹುಡುಕಿ ಕರೆತರುತ್ತಾರೆಯೇ ಹೊರತು ವೈದ್ಯರ ಬಳಿಗೆ ಒಯ್ಯುವುದಿಲ್ಲ. ಹೀಗೆ ಭಾಷೆ ಮುಚ್ಚಿಟ್ಟಿದ್ದನ್ನು ವಿಜ್ಞಾನದ ಮುಂದೆ ತೆರೆದಿಡುವುದೂ ಒಂದು ದಾನವೇ.

ಕನ್ನಡ ನಾಡಿನ ಸಾಮಾನ್ಯ ಜನ ತಮ್ಮ ನಿತ್ಯದ ಆಚರಣೆಯ ಮೂಲಕವೇ ಮಿದುಳು ವಿಜ್ಞಾನಕ್ಕೆ ಹೊಸ ಅಧ್ಯಾಯವೊಂದನ್ನು ಕೊಟ್ಟ ನಿದರ್ಶನವೂ ಇದೆ. ಅದು ಬಿಸಿನೀರಿನ ಅಪಸ್ಮಾರ. ತಲೆಗೆ ಬಿಸಿ ಬಿಸಿ ನೀರನ್ನು ಚೊಂಬಿನಿಂದ ಒಂದೇ ಸಮನೆ ಹುಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ನ್ಯೂಜಿಲೆಂಡಿನಲ್ಲಿ 1945ರಲ್ಲಿ ಇಂತಹ ಪ್ರಕರಣವೊಂದು ವರದಿಯಾಗಿತ್ತು. ಬೇರೆಡೆ ಅದು ವಿರಳ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರು 1960ರ ದಶಕದಲ್ಲಿ, ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇದನ್ನು ವಿವರವಾಗಿ ಅಭ್ಯಸಿಸಿದರು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ ಲಕ್ಷಕ್ಕೆ 60ರಂತೆಯೂ, ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 255ರಂತೆಯೂ ಇದು ಕಂಡುಬಂದಿತು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಹಂಡೆಯ ಸುಡುನೀರನ್ನು ತಲೆಗೆ ಸುರಿಯುವ ಮನೆಯ ಹಿರಿಯರ ಕೈ, ಸ್ನಾನವೆಂಬ ಸಂಸ್ಕಾರ, ಮನೆತನದಲ್ಲಿ ಹರಿದುಬರುವ ಗುಣ ಎಲ್ಲವೂ ಸೇರಿ ಆಗುವ ಕಾಯಿಲೆಯಿದು. ನೀರಿನ ಬಿಸಿಯನ್ನು ತಗ್ಗಿಸಿ, ತಲೆಗೆ ನೇರವಾಗಿ ಸುರಿದುಕೊಳ್ಳದೆ ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಹಲವರಿಗೆ ಮೂರ್ಛೆ ತಪ್ಪುತ್ತದೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ವಿಷಯಕ್ಕೆ ಕರ್ನಾಟಕದ ಹೆಸರು ಅಂಟಿಕೊಂಡಿದೆ. ಬಚ್ಚಲುಮನೆಯ ಸಂಕಟವನ್ನು ವೈದ್ಯರ ಮುಂದೆ ಹೇಳಿಕೊಂಡ ಯಳಂದೂರಿನ ಮನೆಗಳು ಆ ಗ್ರಂಥಗಳಲ್ಲಿ ಅಂಕಿಗಳಾಗಿವೆ.

ದಾನದ ಅತ್ಯಂತ ಕಠಿಣ ರೂಪ ನಿಮ್ಹಾನ್ಸ್‌ನ ಮಿದುಳು ಭಂಡಾರದಲ್ಲಿದೆ. ನರರೋಗಲಕ್ಷಣ ವಿಭಾಗದಲ್ಲಿ 1995ರಲ್ಲಿ ಆರಂಭವಾದ ಇದನ್ನು ಕಟ್ಟಿ ಬೆಳೆಸಿದವರು ಡಾ. ಎಸ್. ಕೆ. ಶಂಕರ್. ಸಾವಿನ ಕೆಲವೇ ಗಂಟೆಗಳಲ್ಲಿ ಮಿದುಳನ್ನು ಹೊರತೆಗೆಯಬೇಕು. ಒಂದು ಭಾಗವನ್ನು ಫಾರ್ಮಾಲಿನ್‌ನಲ್ಲಿಟ್ಟು ಗಟ್ಟಿಮಾಡುತ್ತಾರೆ, ಮತ್ತೊಂದನ್ನು ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಿಡುತ್ತಾರೆ. ಇಲ್ಲಿ ಸೇರಿರುವ ಮಿದುಳುಗಳಲ್ಲಿ ಬಹಳಷ್ಟು ಮುಂಚಿತವಾಗಿ ದಾನಪತ್ರ ಬರೆದಿಟ್ಟವರವಲ್ಲ. ರಸ್ತೆ ಅಪಘಾತಗಳಲ್ಲಿ ಹಠಾತ್ತನೆ ಸತ್ತವರವು. ಮರಣೋತ್ತರ ಪರೀಕ್ಷೆಯ ಹೊತ್ತಿನಲ್ಲಿ ಹತ್ತಿರದ ಬಂಧುಗಳು ಒಪ್ಪಿದ್ದರಿಂದ ಅವು ಭಂಡಾರಕ್ಕೆ ಬಂದವು. ಬೆಳಿಗ್ಗೆ ಬೈಕ್ ಹತ್ತಿ ಹೊರಟ ಮಗನ ಶವದ ಮುಂದೆ ನಿಂತ ತಂದೆಯೊಬ್ಬ ಆ ಗಳಿಗೆಯಲ್ಲಿ ‘ಆಗಲಿ’ ಎನ್ನಬೇಕು. ಕಾಯಿಲೆಯಿಲ್ಲದ ಮಿದುಳು ದೊರೆಯದೆ ಕಾಯಿಲೆಯ ಮಿದುಳನ್ನು ಹೋಲಿಸಿ ಅರಿಯುವುದು ಸಾಧ್ಯವಿಲ್ಲವಾದ್ದರಿಂದ ಈ ‘ಆಗಲಿ’ ಎಂಬ ಮಾತಿನ ಮೇಲೆ ದೇಶದ ಎಷ್ಟೋ ಸಂಶೋಧನೆಗಳು ನಿಂತಿವೆ.

ಆ ಮಾತು ಹೊರಡುವುದು ಏಕೆ ಕಷ್ಟವೆಂಬುದನ್ನು ಜನಪದ ನಂಬಿಕೆಗಳ ಹಿನ್ನೆಲೆಯಲ್ಲಿ ನೋಡಬೇಕು. ತಲೆ ನಮ್ಮಲ್ಲಿ ದೇಹದ ಬರಿಯ ಒಂದು ಅಂಗವಲ್ಲ. ಹಣೆಬರಹವಿರುವುದು ಅಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ವಿಧಿಯೇ ಬಂದು ಅದನ್ನು ಬರೆಯುತ್ತದೆಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ಪ್ರಾಣ ನೆತ್ತಿಯ ಮೂಲಕ ಹೋದರೆ ಸದ್ಗತಿ ಎನ್ನುತ್ತಾರೆ. ಸುಡುವವರಲ್ಲಿ ಕಪಾಲಕ್ರಿಯೆಯಿದೆ. ಲಿಂಗವಂತರು ಶವವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ ಸಮಾಧಿ ಮಾಡುತ್ತಾರೆ. ಅಲ್ಲಿ ಹಣೆ ಎಲ್ಲರ ಕಣ್ಣೆದುರಿಗಿರುತ್ತದೆ. ಅಂಗ ಊನವಾದರೆ ಮುಂದಿನ ಹುಟ್ಟಿನಲ್ಲಿ ಅದೇ ಊನ ಬರುತ್ತದೆಂಬ ಅಳುಕು ಎಲ್ಲ ಸಮುದಾಯಗಳಲ್ಲಿಯೂ ಅಷ್ಟಿಷ್ಟು ಉಳಿದಿದೆ. ಕೂದಲಿನ ಮರೆಯಲ್ಲಿ ನೆತ್ತಿಯನ್ನು ತೆರೆದು ಮತ್ತೆ ಹೊಲಿಯುವುದರಿಂದ ಮುಖ ಕೆಡುವುದಿಲ್ಲ, ಅಂತ್ಯಸಂಸ್ಕಾರಕ್ಕೆ ಅಡ್ಡಿಯಾಗುವುದಿಲ್ಲ ಎಂದು ವೈದ್ಯರು ವಿವರಿಸುತ್ತಾರೆ. ಆದರೆ ಬಂಧುಗಳ ಅಳುಕು ಇರುವುದು ಮುಖದ ವಿಚಾರದಲ್ಲಿ ಮಾತ್ರವಲ್ಲ. ಕಣ್ಣು ಕೊಟ್ಟ ಕಣ್ಣಪ್ಪನಿಗೆ ಕಥೆಯಿದೆ, ಕವಚಕುಂಡಲ ಕೊಟ್ಟ ಕರ್ಣನಿಗೆ ಕಥೆಯಿದೆ, ಮಾಂಸ ಕೊಟ್ಟ ಶಿಬಿಗೆ ಕಥೆಯಿದೆ. ಮಿದುಳು ಕೊಟ್ಟವನ ಕಥೆ ನಮ್ಮ ಪುರಾಣದಲ್ಲಿಯೂ ಇಲ್ಲ, ಜನಪದದಲ್ಲಿಯೂ ಇಲ್ಲ.

ಹತ್ತಿರಕ್ಕೆ ಬರುವ ಕಥೆಗಳು ಇವೆ, ಆದರೆ ಅವು ಎಚ್ಚರಿಕೆಯಿಂದ ಬಳಸಬೇಕಾದಂತಹವು. ‘ಕೆರೆಗೆ ಹಾರ’ದಲ್ಲಿ ನೀರು ಬಾರದ ಕೆರೆಗೆ ಸೊಸೆಯರಲ್ಲೊಬ್ಬಳನ್ನು ಬಲಿಗೊಡಲು ಹಿರಿಯರು ತೀರ್ಮಾನಿಸುತ್ತಾರೆ. ಕಿರಿಯ ಸೊಸೆ ಭಾಗೀರಥಿಯನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಗೊತ್ತಾಗುತ್ತದೆ, ಅಷ್ಟೆ. ಬೆಂಗಳೂರಿನದೇ ಆದ ಐತಿಹ್ಯದಲ್ಲಿ ಕೋಟೆಯ ಬಾಗಿಲು ಮತ್ತೆ ಮತ್ತೆ ಕುಸಿದಾಗ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಇರುಳಿನಲ್ಲಿ ಹೋಗಿ ತಾನೇ ತಲೆ ಅರ್ಪಿಸುತ್ತಾಳೆ. ಕೋರಮಂಗಲದಲ್ಲಿ ಅವಳ ಸ್ಮಾರಕವಿದೆ. ಸಾರ್ವಜನಿಕ ಹಿತಕ್ಕಾಗಿ ದೇಹವನ್ನು ಕೊಟ್ಟ ಈ ಹೆಣ್ಣುಗಳನ್ನು ನಾಡು ಹಾಡಿನಲ್ಲಿಯೂ ಗುಡಿಯಲ್ಲಿಯೂ ಗೌರವಿಸಿತು. ಆದರೆ ಈ ಗೌರವ ಒಪ್ಪಿಗೆಯ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ದೇಹದಾನದ ಪ್ರಚಾರಕ್ಕೆ ಇವರನ್ನು ಆದರ್ಶವಾಗಿ ಬಳಸುವ ಉತ್ಸಾಹಿಗಳು ಈ ತೊಡಕನ್ನು ಕಾಣಬೇಕು. ಇಂದಿನ ಸಂಶೋಧನಾ ನೀತಿಯ ತಳಹದಿಯೇ ತಿಳಿದು ಕೊಟ್ಟ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ವಿಸ್ತಾರವಾಗಿ ಹೇಳುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದು ಕರೆಯುತ್ತದೆ.

ಗೋಪ್ಯತೆ ಇಲ್ಲಿ ಕಾನೂನಿನ ಶಿಷ್ಟಾಚಾರ ಮಾತ್ರವಲ್ಲ. ಒಂದೇ ಮನೆತನದ ಹಲವರಿಗೆ ಮಾನಸಿಕ ಕಾಯಿಲೆಯಿರುವ ಕುಟುಂಬಗಳನ್ನು ಗುರುತಿಸಿ, ಅವರ ರಕ್ತದಿಂದ ಆಕರಕೋಶಗಳನ್ನು ಬೆಳೆಸಿ ಅಭ್ಯಸಿಸುವ ಯೋಜನೆ 2016ರಿಂದ ಬೆಂಗಳೂರಿನಲ್ಲಿ ನಡೆದಿದೆ. ಅಂತಹ ಮನೆಯ ಹೆಸರು ಹೊರಬಿದ್ದರೆ ಆ ಮನೆಯ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ. ಗೌರವಿಸಲು ಹೊರಟ ಫಲಕವೇ ಕಳಂಕದ ಫಲಕವಾಗುತ್ತದೆ. ಆಸ್ಪತ್ರೆಯ ಹೆಸರು ಬೈಗುಳವಾಗಿರುವ ತನಕ ಈ ದಾನಿಗೆ ಹೆಸರಿಲ್ಲದಿರುವುದೇ ರಕ್ಷಣೆ.

ಹೊರಗಿನ ಎರಡು ಉದಾಹರಣೆಗಳನ್ನು ಇಲ್ಲಿ ನೋಡಬಹುದು. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆಂದು ಶಸ್ತ್ರಚಿಕಿತ್ಸೆಗೊಳಗಾಗಿ ಹೊಸ ನೆನಪುಗಳನ್ನು ಕಟ್ಟುವ ಶಕ್ತಿಯನ್ನೇ ಕಳೆದುಕೊಂಡ ವ್ಯಕ್ತಿಯೊಬ್ಬ ಐವತ್ತೈದು ವರ್ಷ ‘ಎಚ್. ಎಂ.’ ಎಂಬ ಎರಡಕ್ಷರವಾಗಿ ಗ್ರಂಥಗಳಲ್ಲಿ ಬದುಕಿದ. ನೆನಪಿನ ವಿಜ್ಞಾನ ಅವನಿಗೆ ಋಣಿಯಾದಷ್ಟು ಬೇರೊಬ್ಬರಿಗೆ ಋಣಿಯಾಗಿಲ್ಲ. 2008ರಲ್ಲಿ ಅವನು ಸತ್ತ ಮೇಲೆ ಹೆನ್ರಿ ಮೊಲೈಸನ್ ಎಂಬ ಪೂರ್ಣ ಹೆಸರು ಪ್ರಕಟವಾಯಿತು. ಮರುವರ್ಷ ಅವನ ಮಿದುಳನ್ನು 2401 ತೆಳುಪದರಗಳಾಗಿ ಸೀಳಿ ಕಾಪಿಡಲಾಯಿತು. ತನ್ನ ಒಪ್ಪಿಗೆಯನ್ನೇ ನೆನಪಿಡಲಾಗದವನು ಕೊಟ್ಟ ದಾನವಿದು, ಭಾಗೀರಥಿಯ ಪ್ರಶ್ನೆ ಇಲ್ಲಿಗೂ ಬರುತ್ತದೆ. ಇನ್ನೊಂದು, ಡೇವಿಡ್ ಸ್ನೋಡನ್ 1986ರಲ್ಲಿ ಆರಂಭಿಸಿದ ಸಂನ್ಯಾಸಿನಿಯರ ಅಧ್ಯಯನ. ಅದರಲ್ಲಿ 678 ಕ್ರೈಸ್ತ ಸಂನ್ಯಾಸಿನಿಯರು ಮರಣಾನಂತರ ಮಿದುಳು ಕೊಡಲು ಒಪ್ಪಿ ಸೇರಿದ್ದರು. ಅವರನ್ನು ಒಬ್ಬೊಬ್ಬರಾಗಿ ಅಲ್ಲ, ಒಂದು ಸಮುದಾಯವಾಗಿ ಲೋಕ ನೆನೆಯುತ್ತದೆ. ಅಧ್ಯಯನದ ಹೆಸರೇ ಅವರ ಗೌರವವಾಯಿತು. ಶ್ರೀನಿವಾಸಪುರದ ಅಧ್ಯಯನಕ್ಕೆ ಆ ಊರಿನ ಹೆಸರನ್ನೇ ಇಟ್ಟಿರುವುದರಲ್ಲಿಯೂ ಇದೇ ಬಗೆಯ ಗೌರವ ಅಡಗಿದೆ. ಅದನ್ನು ಇಟ್ಟವರು ಹೀಗೆ ಯೋಚಿಸಿದ್ದರೋ ಇಲ್ಲವೋ, ಪರಿಣಾಮ ಮಾತ್ರ ಒಳ್ಳೆಯದು.

ಹೆಸರಿಲ್ಲದವರನ್ನು ಗೌರವಿಸುವ ಕ್ರಮಗಳು ಜನಪದರಲ್ಲಿ ಇಲ್ಲದೆ ಇಲ್ಲ. ಬೆಂಗಳೂರಿನ ಹೆಸರನ್ನು ಮೊದಲು ಹೇಳುವ ಬೇಗೂರಿನ ಶಾಸನ ಸುಮಾರು 890ರ ವೀರಗಲ್ಲು; ಅದರಲ್ಲಿ ಸತ್ತವನ ಹೆಸರಿದೆ. ಆದರೆ ನಾಡಿನ ವೀರಗಲ್ಲು, ಮಾಸ್ತಿಕಲ್ಲುಗಳಲ್ಲಿ ಬಹುಸಂಖ್ಯೆಯವಕ್ಕೆ ಬರಹವೇ ಇಲ್ಲ. ಕೈಯಲ್ಲಿ ಕತ್ತಿ, ಪಕ್ಕದಲ್ಲಿ ತುರು, ಮೇಲೆ ಅಪ್ಸರೆಯರು, ಅದರ ಮೇಲೆ ಲಿಂಗ ಅಷ್ಟೇ. ಯಾರೆಂದು ತಿಳಿಯದೆಯೂ ಊರವರು ಅದಕ್ಕೆ ಎಣ್ಣೆಯೆರೆದು ಕುಂಕುಮವಿಡುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವಾಗ ಮೂರು ತಲೆಮಾರಿನಾಚೆಯವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಡೆ ಅವರಿಗೂ ಸಲ್ಲುತ್ತದೆ. ದಾರಿಯಲ್ಲಿ ಅರವಟಿಗೆ ಇಡಿಸಿದವರು, ತಲೆಹೊರೆ ಇಳಿಸಲು ಕಲ್ಲು ನೆಡಿಸಿದವರು ಯಾರೆಂದು ನೀರು ಕುಡಿದವರು ಕೇಳಲಿಲ್ಲ. ಇಲ್ಲಿ ಗೌರವ ಹೆಸರಿನಲ್ಲಿಲ್ಲ, ಮತ್ತೆ ಮತ್ತೆ ಮಾಡುವ ಕ್ರಿಯೆಯಲ್ಲಿದೆ. ಕೊಟ್ಟದ್ದನ್ನು ಕಾಯುವುದು ಹಿರಿದೆಂಬ ಶಾಸನದ ಮಾತೂ ಈ ಕಡೆಗೇ ಬೆರಳು ತೋರಿಸುತ್ತದೆ. ಭಂಡಾರದ ಶೀತಯಂತ್ರಕ್ಕೆ ಹತ್ತು ವರ್ಷದ ಬಳಿಕವೂ ವಿದ್ಯುತ್ತು ತಪ್ಪದಂತೆ ನೋಡಿಕೊಳ್ಳುವುದು, ಅಧ್ಯಯನದ ಫಲವನ್ನು ಭಾಗವಹಿಸಿದ ಹಳ್ಳಿಗೇ ಕನ್ನಡದಲ್ಲಿ, ತೆಲುಗಿನಲ್ಲಿ ಹೋಗಿ ಹೇಳುವುದು, ವರ್ಷಕ್ಕೊಂದು ದಿನ ಹೆಸರೆತ್ತದೆ ದಾನಿಗಳನ್ನು ನೆನೆಯುವುದು ಇಂತಹ ಗೌರವದ ರೂಪಗಳಾಗಬಹುದು. ಫಲಕಕ್ಕೆ ತಗಲುವಷ್ಟು ಖರ್ಚೂ ಇವುಗಳಲ್ಲಿ ಕೆಲವಕ್ಕೆ ಬೇಕಾಗದು.

ನಿಮ್ಹಾನ್ಸ್‌ನ ನರರೋಗಲಕ್ಷಣ ವಿಭಾಗದ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆ. ಗಾಜಿನ ಪಾತ್ರೆಗಳ ಸಾಲಿನಲ್ಲಿ ಪಾರ್ಶ್ವವಾಯುವಿನ, ಗಡ್ಡೆಯ, ಲಾಡಿಹುಳುವಿನ ಸೋಂಕಿನ, ಮರೆವಿನ ಕಾಯಿಲೆಯ ಮಿದುಳುಗಳಿವೆ. ಶಾಲೆಯ ಮಕ್ಕಳು ಬಂದಾಗ ಕೈಗೆ ಗವಸು ತೊಡಿಸಿ ನಿಜವಾದ ಮಿದುಳೊಂದನ್ನು ಹಿಡಿಯಲು ಕೊಡುತ್ತಾರೆ. ಒಂದೂಕಾಲು ಕಿಲೋ, ಒಂದೂವರೆ ಕಿಲೋ ತೂಗುವ ಅದನ್ನು ಎರಡೂ ಕೈ ಜೋಡಿಸಿ ಬೊಗಸೆಯಲ್ಲಿಯೇ ಹಿಡಿಯಬೇಕಾಗುತ್ತದೆ.